ಬೀಳ್ಕೊಡುಗೆಯ ಡಿಸ್ಕು

ಬೆಳಿಗ್ಗೆ ಹತ್ತೂಕಾಲಿಗೆ ಸಮಾಧಾನಿ ತನ್ನ ಅಕ್ಕನ ಮಗಳು ವಾಪಸ್ ಕೊಟ್ಟಿದ್ದ ಕಪ್ಪು ಹಾರ್ಡ್ ಡಿಸ್ಕನ್ನು ಆಫೀಸಿನ ಕಂಪ್ಯೂಟರಿಗೆ ಸಿಕ್ಕಿಸಿದ. ಕಂಪ್ಯೂಟರು ಸ್ವಲ್ಪ ಹೊತ್ತು ಗುರುಗುಟ್ಟಿ, ಪರದೆಯ ನಡುವೆ ಒಂದು ಚೌಕ ತೆರೆದು, ‘ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳಿತು. ತಲೆನೋವು ಎಂದು ಹೋದವನಿಗೆ ವೈದ್ಯ ‘ತಲೆ ತೆಗೆಯಲೇ?’ ಎಂದು ಕೇಳಿದರೆ ಎಷ್ಟು ವಿನಯ ಇರುತ್ತದೋ ಅಷ್ಟೇ ವಿನಯ ಆ ಪ್ರಶ್ನೆಯಲ್ಲಿತ್ತು.

ಸಮಾಧಾನಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತನಾಗಿ ಹದಿನಾಲ್ಕು ವರ್ಷ ಕೂತು, ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರಿಗೆಲ್ಲ ಫೋನಿನಲ್ಲಿ “ಸಮಾಧಾನ, ಸಮಾಧಾನ, ನಮ್ಮ ಜನ ಆಗಲೇ ಹೊರಟಿದಾರೆ” ಎಂದು ಹೇಳಿ ಹೇಳಿ ಗಳಿಸಿದ ಹೆಸರು. ಹೊರಟಿದ್ದ ಜನ ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಟೀ ಕುಡಿಯುತ್ತಿರುತ್ತಿದ್ದರು ಎಂಬುದು ಬೇರೆ ಮಾತು. ಬೇರೆಯವರ ಗಂಡಾಂತರದಲ್ಲಿ ಬೆಣ್ಣೆಯ ಹಾಗೆ ಮಾತಾಡುವ ಈ ಮನುಷ್ಯ, ತನ್ನದೇ ಚಪ್ಪಲಿಯ ಉಂಗುಟ ಕಿತ್ತರೆ ನಡುಬೀದಿಯಲ್ಲಿ ಬೆವರುತ್ತಿದ್ದ.

ಅವತ್ತು ಸಂಜೆ ಐದಕ್ಕೆ ಮ್ಯಾನೇಜರರ ಬೀಳ್ಕೊಡುಗೆ. ಮ್ಯಾನೇಜರರು ಮೂವತ್ತೊಂದು ವರ್ಷ ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ ಪುಸ್ತಕ ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತವರು. ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಬಂದರೆ “ಮಧ್ಯಾಹ್ನದ ನಮಸ್ಕಾರ” ಎನ್ನುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ನಿಮಿಷದ ಮುಳ್ಳು’ ಎಂದು ಕರೆಯುತ್ತಿದ್ದರು. ಗಡಿಯಾರದಲ್ಲಿ ಓಡುವುದೂ ಹೌದು, ಅಂಗಾಲಿಗೆ ಚುಚ್ಚುವುದೂ ಹೌದು.

“ಭರ್ಜರಿಯಾಗಿ ಕಳಿಸ್ಬೇಕು ಕಣ್ರೀ,” ಎಂದು ತಿಂಗಳ ಹಿಂದೆಯೇ ಸ್ಟೋರ್‌ಕೀಪರ್ ಹೇಳಿದ್ದ. “ಅರೆಬರೆ ಕಳಿಸಿದ್ರೆ ಯಾವುದಾದ್ರೂ ನೆಪ ಇಟ್ಕೊಂಡು ವಾಪಸ್ ಬರ್ತಾರೆ.”

ಕಂಪನಿಯ ಮಾಲೀಕರೇ ಸಮಾರಂಭಕ್ಕೆ ಬರುತ್ತಾರೆಂದು ಗೊತ್ತಾದಾಗ, ಹಳೆಯ ಫೋಟೋಗಳನ್ನೂ ಸಹೋದ್ಯೋಗಿಗಳ ಹೊಗಳಿಕೆಯ ಮಾತುಗಳನ್ನೂ ಸೇರಿಸಿ ಒಂದು ಸಿನಿಮಾ ಮಾಡಬೇಕೆಂದು ತೀರ್ಮಾನವಾಯಿತು. ಮ್ಯಾನೇಜರರಿಗೆ ಇದರ ಸುಳಿವು ಸಿಗಬಾರದೆಂದೂ ಆಯಿತು. “ನನ್ನ ಅಕ್ಕನ ಮಗಳಿಗೆ ಇದೆಲ್ಲ ಬರುತ್ತೆ” ಎಂದು ಯಾವುದೋ ದುರ್ಬಲ ಗಳಿಗೆಯಲ್ಲಿ ಸಮಾಧಾನಿಯ ಬಾಯಿಂದ ಬಿತ್ತು. ಇಡೀ ಆಫೀಸು ಅವನ ಬೆನ್ನು ತಟ್ಟಿ, ತಟ್ಟಿದ ಕೈಯಿಂದಲೇ ಕೆಲಸವನ್ನು ಅವನ ಹೆಗಲಿಗೆ ದಾಟಿಸಿತು.

ಈಗ ಪರದೆಯ ಚೌಕವನ್ನು ನೋಡುತ್ತ ಸಮಾಧಾನಿ ಅಕ್ಕನ ಮಗಳಿಗೆ ಫೋನ್ ಮಾಡಿದ. ಅವಳು ಗೆಳತಿಯರ ಜೊತೆ ಪ್ರವಾಸ ಹೊರಟು ರೈಲಿನಲ್ಲಿದ್ದಳು.

“ಡಿಸ್ಕಿಗೆ ಏನೂ ಆಗಿಲ್ಲ ಮಾಮ. ನಿಮ್ಮ ಡಿಸ್ಕು ವಿಂಡೋಸ್‌ಗೆ ಮಾಡಿದ್ದು. ನನ್ನ ಮ್ಯಾಕ್ ಕಂಪ್ಯೂಟರು ಅದನ್ನ ಓದ್ತಿತ್ತು, ಬರೆಯೋಕೆ ಆಗ್ತಿರ್ಲಿಲ್ಲ. ಅದಕ್ಕೆ ಫೋಟೋ ಎಲ್ಲ ಈಚೆ ತೆಗ್ದು, ಡಿಸ್ಕನ್ನ ಮ್ಯಾಕಿಗೆ ಹೊಂದಿಸಿ, ಸಿನಿಮಾ ಫೋಟೋ ಎಲ್ಲ ಅದ್ರಲ್ಲೇ ಹಾಕಿದೀನಿ. ನಿಮ್ಮ ಕಂಪ್ಯೂಟರಿಗೆ ಆ ಲಿಪಿ ಓದೋಕೆ ಬರಲ್ಲ, ಅಷ್ಟೇ.”

“ಓದೋಕೆ ಬರದಿದ್ರೆ ಸುಮ್ನಿರ್ಬೇಕಪ್ಪ! ಅಳಿಸ್ಲಾ ಅಂತ ಯಾಕೆ ಕೇಳುತ್ತೆ? ಹೋಗ್ಲಿ, ನಿನ್ನ ಲ್ಯಾಪ್‌ಟಾಪಲ್ಲಿ ಇನ್ನೊಂದು ಕಾಪಿ ಇದೆ ತಾನೆ?”

“ಜಾಗ ಇರ್ಲಿಲ್ಲ ಮಾಮ, ಅಳಿಸ್ಬಿಟ್ಟೆ. ಇರೋದು ಅದೊಂದೇ. ಏನೇ ಆದ್ರೂ ಫಾರ್ಮ್ಯಾಟ್ ಮಾತ್ರ ಒತ್ಬೇಡಿ. ಯಾರ ಹತ್ರಾನಾದ್ರೂ ಮ್ಯಾಕ್ ಇದ್ರೆ ಅದ್ರಲ್ಲಿ ಹಾಕಿ...” ಅಷ್ಟರಲ್ಲಿ ರೈಲು ಸುರಂಗ ಹೊಕ್ಕಿತು. ದನಿ ಕಡಿದುಹೋಯಿತು.

ಇನ್ನೊಬ್ಬರ ಕಷ್ಟದ ವಾಸನೆ ಹಿಡಿಯುವುದರಲ್ಲಿ ಆಫೀಸಿನ ಜನ ಬೆಕ್ಕಿಗಿಂತ ಚುರುಕು. ಐದು ನಿಮಿಷದಲ್ಲಿ ಸಮಾಧಾನಿಯ ಕುರ್ಚಿಯ ಹಿಂದೆ ಮೂವರು ನಿಂತಿದ್ದರು.

“ವಯರ್ ಹೋಗಿರುತ್ತೆ,” ಎಂದ ಸ್ಟೋರ್‌ಕೀಪರ್. ಲೋಕದಲ್ಲಿ ಏನೇ ಕೆಟ್ಟರೂ ವಯರಿನಿಂದಲೇ ಕೆಟ್ಟಿದೆ ಎಂಬುದು ಅವನ ನಂಬಿಕೆ. ವಯರ್ ಬದಲಾಯಿಸಿದರು. ಅದೇ ಚೌಕ ಬಂತು.

“ಧೂಳು ಕೂತಿದೆ,” ಎಂದು ಅಕೌಂಟೆಂಟ್ ಮೇಡಂ ಡಿಸ್ಕಿನ ಬಾಯಿಗೆ ಊದಿದರು. ಅವರಿಗೆ ವಾರದಿಂದ ನೆಗಡಿ. ಡಿಸ್ಕಿಗೆ ಧೂಳಿನ ಜೊತೆ ತೇವವೂ ಸೇರಿತು.

“ಎರಡು ಬಡೀರಿ, ತಾನಾಗೇ ಓಡುತ್ತೆ,” ಎಂದ ಹಿರಿಯ ಮೆಕ್ಯಾನಿಕ್, ಸೊಂಟದ ಸ್ಪ್ಯಾನರ್‌ಗೆ ಕೈ ಹಾಕುತ್ತ. ಇಪ್ಪತ್ತು ವರ್ಷದಿಂದ ಲಿಫ್ಟುಗಳನ್ನು ಅವನು ಸರಿಮಾಡುತ್ತಿದ್ದುದು ಹಾಗೆಯೇ. ಸಮಾಧಾನಿ ಡಿಸ್ಕನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ.

ಸ್ಟೋರ್‌ಕೀಪರ್ ಕನ್ನಡಕ ಏರಿಸಿ ಪರದೆಯನ್ನು ಓದಿದ. “ಅದೇ ಕೇಳ್ತಿದೆಯಲ್ರೀ, ಫಾರ್ಮ್ಯಾಟ್ ಮಾಡ್ಲಾ ಅಂತ. ಹೂಂ ಅನ್ನಿ.”

“ಅಂದ್ರೆ ಅಳಿಸಿಹೋಗುತ್ತೆ!”

“ಯಾರು ಹೇಳಿದ್ದು? ಫಾರ್ಮ್ಯಾಟ್ ಅಂದ್ರೆ ಸರಿಯಾದ ನಮೂನೆಗೆ ತರೋದು,” ಎಂದರು ಮೇಡಂ, ಮೂಗು ಒರೆಸಿಕೊಳ್ಳುತ್ತ. “ಅರ್ಜಿ ಸರಿಯಾದ ಫಾರ್ಮ್ಯಾಟಲ್ಲಿ ಇರ್ಬೇಕು ಅಂತ ನಮ್ಮ ಸಾಹೇಬ್ರು ದಿನಾ ಹೇಳಲ್ವಾ? ಅರ್ಜಿ ಏನು ಅಳಿಸಿಹೋಗುತ್ತಾ?”

“ಮೇಡಂ ಹೇಳೋದು ಸರಿ. ಈ ಕಡೆ ಬನ್ನಿ,” ಎಂದು ಸ್ಟೋರ್‌ಕೀಪರ್ ಮೌಸಿಗೆ ಕೈ ಹಾಕಿಯೇ ಬಿಟ್ಟ. ಬಾಣದ ಗುರುತು ಚೌಕದ ಕಡೆ ತೇಲಿ ಹೋಗುವುದನ್ನು ಕಂಡ ಸಮಾಧಾನಿ ಮೌಸ್ ಕಿತ್ತುಕೊಳ್ಳಲು ಹೋದ. ಆಗಲಿಲ್ಲ. ಕೊನೆಗೆ ಮೇಜಿನ ಕೆಳಗೆ ನುಗ್ಗಿ ಡಿಸ್ಕಿನ ವಯರನ್ನೇ ಎಳೆದ. ಏಳುವಾಗ ಮೇಜಿಗೆ ತಲೆ ಹೊಡೆದು, ಮೇಲಿದ್ದ ಟೀ ಲೋಟ ದೂರಿನ ಪುಸ್ತಕದ ಮೇಲೆ ಮಗುಚಿ, ಸದ್ದಿಗೆ ಮ್ಯಾನೇಜರರು ಗಾಜಿನ ಕೋಣೆಯಿಂದ ಹೊರಗೆ ಬಂದರು.

“ಏನು ಇಲ್ಲಿ?”

“ಏನಿಲ್ಲ ಸಾರ್, ಪೆನ್ನು ಬಿತ್ತು,” ಎಂದ ಸಮಾಧಾನಿ, ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಗಂಟು ಹೊತ್ತು.

“ನಾಲ್ಕು ಜನ, ಒಂದು ಪೆನ್ನು, ಆರು ನಿಮಿಷ,” ಎಂದು ಲೆಕ್ಕ ಹಾಕಿ ಮ್ಯಾನೇಜರರು ಒಳಗೆ ಹೋದರು. ಕೊನೆಯ ದಿನವೂ ಮುಳ್ಳು ಮೊಂಡಾಗಿರಲಿಲ್ಲ.

ಬೀದಿಯ ಕೊನೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅಲ್ಲಿಯ ಮಾಲೀಕನ ಬಳಿ ಮ್ಯಾಕ್ ಇರುವುದು ಸಮಾಧಾನಿಗೆ ನೆನಪಾದದ್ದು ಹನ್ನೆರಡೂವರೆಗೆ. ಕೆಲಸದ ಹೊತ್ತಿನಲ್ಲಿ ಸೀಟು ಬಿಟ್ಟು ಹೋಗುವುದು ಮ್ಯಾನೇಜರರ ರಾಜ್ಯದಲ್ಲಿ ದೇಶದ್ರೋಹಕ್ಕೆ ಸಮ. ಒಂದು ಗಂಟೆಗೆ ಅವರು ಊಟದ ಡಬ್ಬಿ ತೆರೆದ ಕೂಡಲೆ, “ಮೇಡಂ, ಸ್ವಲ್ಪ ನನ್ನ ಫೋನ್ ನೋಡ್ಕೊಳ್ಳಿ” ಎಂದು ಹೇಳಿ, ಡಿಸ್ಕನ್ನು ತನ್ನ ಊಟದ ಚೀಲದಲ್ಲಿ ಬಚ್ಚಿಟ್ಟುಕೊಂಡು ಮೆಟ್ಟಿಲು ಇಳಿದು ಓಡಿದ.

ಸ್ಟುಡಿಯೋದವನು ಒಂದು ಮಗುವಿನ ಫೋಟೋ ತೆಗೆಯುತ್ತಿದ್ದ. ಅಪ್ಪ, ಅಮ್ಮ, ಅಜ್ಜಿ ಮೂವರೂ ಸೇರಿ ನಗಿಸಲು ಹೆಣಗುತ್ತಿದ್ದರು. ಮಗು ಬಾಕಿ ವಸೂಲಿಗೆ ಬಂದವರ ಹಾಗೆ ಮುಖ ಗಂಟು ಹಾಕಿ ಕೂತಿತ್ತು.

“ಇದು ನಗೋವರೆಗೂ ನಾನು ಏಳೋ ಹಾಗಿಲ್ಲ ಸ್ವಾಮಿ,” ಎಂದ ಸ್ಟುಡಿಯೋದವನು.

ಸಮಾಧಾನಿ ಚಪ್ಪಾಳೆ ತಟ್ಟಿದ, ಕತ್ತೆಯ ಹಾಗೆ ಕೂಗಿದ, ಕಪ್ಪೆಯ ಹಾಗೆ ನೆಗೆದ. ಮಗು ಅವನನ್ನು ಮರುಕದಿಂದ ನೋಡಿತು. ಕೊನೆಗೆ ಅವನಿಗೇ ಅಳು ಬಂದು, “ಐದು ಗಂಟೆಗೆ ನನ್ನ ಕಥೆ ಮುಗೀತು ಕಂದ” ಎಂದು ಹಣೆಯ ಗಂಟು ಹಿಡಿದುಕೊಂಡಾಗ ಮಗು ಕಿಲಕಿಲ ನಕ್ಕಿತು.

ಮ್ಯಾಕಿಗೆ ಸಿಕ್ಕಿಸಿದ್ದೇ ತಡ, ಡಿಸ್ಕು ತವರಿಗೆ ಬಂದ ಮಗಳ ಹಾಗೆ ಬಾಯಿಬಿಟ್ಟಿತು. ಫೋಟೋಗಳು ಬಂದವು, ಸಿನಿಮಾ ಬಂತು. ಸಮಾಧಾನಿ ಸ್ಟುಡಿಯೋದವನ ಕೈಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

“ಈ ಪೆನ್‌ಡ್ರೈವಿಗೆ ಹಾಕ್ಕೊಡ್ತೀನಿ, ಎರಡೂ ಕಡೆ ನಡೆಯುತ್ತೆ,” ಎಂದು ಅವನು ಎಳೆದು ಹಾಕಿದ. ‘ಫೈಲು ತುಂಬ ದೊಡ್ಡದು’ ಎಂದು ಕಂಪ್ಯೂಟರು ವಾಪಸ್ಸು ಎಸೆಯಿತು.

“ಪೆನ್‌ಡ್ರೈವಲ್ಲಿ ಜಾಗ ಇಲ್ವಾ?”

“ಜಾಗ ಬೇಕಾದಷ್ಟಿದೆ. ಆದ್ರೆ ಇದು ಹಳೇ ಪದ್ಧತೀದು, ನಾಲ್ಕು ಜಿಬಿಗಿಂತ ದೊಡ್ಡ ಫೈಲನ್ನ ಒಂದೇ ತುತ್ತಿಗೆ ನುಂಗಲ್ಲ. ನಿಮ್ಮ ಸಿನಿಮಾ ಆರು ಜಿಬಿ ಇದೆ.” ಸ್ಟುಡಿಯೋದವನು ಗಡ್ಡ ಕೆರೆದುಕೊಂಡ. “ಒಂದು ದಾರಿ ಇದೆ. ಡಿಸ್ಕಲ್ಲಿ ಇರೋದನ್ನೆಲ್ಲ ನನ್ನ ಮ್ಯಾಕಿಗೆ ಇಳಿಸ್ಕೊಂಡು, ಡಿಸ್ಕನ್ನ ಎರಡೂ ಕಡೆ ನಡೆಯೋ ಪದ್ಧತಿಗೆ ತರ್ತೀನಿ. ಎಕ್ಸ್‌ಫ್ಯಾಟ್ ಅಂತಾರೆ. ಆಮೇಲೆ ಎಲ್ಲ ವಾಪಸ್ ತುಂಬಿದ್ರೆ ಆಯ್ತು.”

“ತರೋದು ಅಂದ್ರೆ...?”

“ಫಾರ್ಮ್ಯಾಟ್ ಮಾಡೋದು.”

ಬೆಳಿಗ್ಗೆಯಿಂದ ಯಾವ ಪದಕ್ಕೆ ಹೆದರಿ ಮೇಜಿಗೆ ತಲೆ ಒಡೆದುಕೊಂಡಿದ್ದನೋ ಅದೇ ಪದ. ಎಲ್ಲ ಇಳಿದಿದೆಯೇ ಎಂದು ಮೂರು ಸಲ ತೆರೆಸಿ ನೋಡಿ, ಆಮೇಲೂ ಕಣ್ಣು ಮುಚ್ಚಿಕೊಂಡೇ ಸಮಾಧಾನಿ ಹೂಂ ಎಂದ. ವಾಪಸ್ಸು ತುಂಬುವಾಗ ಪರದೆಯ ಮೇಲೆ ಒಂದು ನೀಲಿ ಪಟ್ಟಿ ತೆವಳತೊಡಗಿತು. ‘ಇನ್ನು ಐದು ನಿಮಿಷ’ ಎಂದಿತು. ಹತ್ತು ನಿಮಿಷದ ಮೇಲೆ ‘ಇನ್ನು ಎರಡು ಗಂಟೆ’ ಎಂದಿತು. ಆಮೇಲೆ ‘ನಲವತ್ತು ಸೆಕೆಂಡ್’ ಎಂದು ಹೇಳಿ ಅಲ್ಲೇ ಒಂದು ತಾಸು ಕೂತಿತು. ಹೊರಟಿದ್ದೇವೆ ಎಂದು ಹೇಳಿ ಟೀ ಕುಡಿಯುವ ಜನ ಕಂಪ್ಯೂಟರಿನೊಳಗೂ ಇದ್ದಾರೆಂದು ಸಮಾಧಾನಿಗೆ ಮೊದಲ ಬಾರಿಗೆ ತಿಳಿಯಿತು.

ಡಿಸ್ಕು ಕೈಗೆ ಬಂದಾಗ ನಾಲ್ಕೂ ಇಪ್ಪತ್ತು. ಓಡಿ ಓಡಿ ಏದುಸಿರಾಗಿತ್ತು, ಆಫೀಸು ನಾಲ್ಕನೇ ಮಹಡಿ. ಎಂದೂ ಹತ್ತದ ಸಮಾಧಾನಿ ಅವತ್ತು ಲಿಫ್ಟು ಹತ್ತಿದ. ಎರಡು ದಾಟಿ ಮೂರು ಮುಟ್ಟುವ ಮೊದಲು ಲಿಫ್ಟು ಒಂದು ಸಲ ಕುಪ್ಪಳಿಸಿ ನಿಂತುಬಿಟ್ಟಿತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಊರಿನ ಲಿಫ್ಟನ್ನೆಲ್ಲ ರಿಪೇರಿ ಮಾಡುವ ಕಂಪನಿ ತನ್ನ ಕಟ್ಟಡದ್ದಕ್ಕೆ ಎರಡು ವರ್ಷದಿಂದ ಎಣ್ಣೆ ಹಾಕಿರಲಿಲ್ಲ.

ಗುಂಡಿಗಳನ್ನೆಲ್ಲ ಒತ್ತಿದ. ಬಾಗಿಲು ಗುದ್ದಿದ. ಸ್ಟೋರ್‌ಕೀಪರನಿಗೆ, ಮೇಡಂಗೆ, ಮೆಕ್ಯಾನಿಕ್‌ಗೆ ಫೋನ್ ಮಾಡಿದ. ಎಲ್ಲರೂ ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿದ್ದರು, ಯಾರೂ ಎತ್ತಲಿಲ್ಲ. ಉಳಿದದ್ದು ಅವನಿಗೆ ಬಾಯಿಪಾಠವಾಗಿದ್ದ ಒಂದೇ ನಂಬರು. ದೂರಿನ ನಂಬರು.

“ನಮಸ್ಕಾರ, ದೂರು ವಿಭಾಗ,” ಎಂದಿತು ಆ ಕಡೆಯ ದನಿ. ಮ್ಯಾನೇಜರರದು.

ಸಮಾಧಾನಿ ಸೀಟು ಬಿಟ್ಟು ಮೂರೂವರೆ ಗಂಟೆಯಾಗಿತ್ತು. ಕರವಸ್ತ್ರವನ್ನು ಫೋನಿಗೆ ಅಡ್ಡ ಹಿಡಿದು, ಕೆಮ್ಮುವ ಮುದುಕನ ದನಿ ತೆಗೆದು, “ಲಿಫ್ಟಲ್ಲಿ ಸಿಕ್ಕೊಂಡಿದೀನಿ ಸ್ವಾಮಿ” ಎಂದ.

“ಹೆದರ್ಬೇಡಿ. ಯಾವ ಕಟ್ಟಡ?”

“...ನಿಮ್ಮದೇ.”

ಪೆನ್ನು ಗೀಚುವುದು ಕೇಳಿಸಿತು. “ನಾಲ್ಕು ಇಪ್ಪತ್ತೇಳು. ಬರ್ಕೊಂಡೆ. ಮೆಕ್ಯಾನಿಕ್‌ಗೆ ಹೇಳಿ ಕಳಿಸ್ತೀನಿ, ಹುಡುಕಿ ತರೋಕೆ ಸ್ವಲ್ಪ ಹೊತ್ತಾಗುತ್ತೆ. ಅಲ್ಲೀವರೆಗೂ ನಾನು ಫೋನ್ ಇಡಲ್ಲ. ಕತ್ತಲೆ ಇದೆಯಾ?”

“ಹೂಂ.”

“ಕೂತ್ಕೊಳ್ಳಿ. ನಿಧಾನಕ್ಕೆ ಉಸಿರು ತಗೊಳ್ಳಿ. ಒಂದು ಸುಳ್ಳು ಹೇಳಲ್ಲ ನಿಮಗೆ, ಜನ ಆಗಲೇ ಹೊರಟಿದಾರೆ ಅಂತ. ಹೊರಟ ತಕ್ಷಣ ಹೇಳ್ತೀನಿ.”

ಹದಿನಾಲ್ಕು ವರ್ಷ ಫೋನಿನ ಈ ಕಡೆ ಕೂತಿದ್ದ ಸಮಾಧಾನಿಗೆ ಆ ಕಡೆಯಿಂದ ಒಂದು ದನಿ ಹೇಗೆ ಕೇಳುತ್ತದೆಂದು ಗೊತ್ತೇ ಇರಲಿಲ್ಲ. ಕತ್ತಲಲ್ಲಿ ಅದು ಹೆಗಲ ಮೇಲೆ ಕೈ ಇಟ್ಟ ಹಾಗಿತ್ತು. ಮ್ಯಾನೇಜರರು ಮಾತಾಡುತ್ತಲೇ ಇದ್ದರು. ಮಳೆಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ. ಆಮೇಲೆ ಯಾರೋ ಅಪರಿಚಿತನಲ್ಲವೇ ಎಂದೋ ಏನೋ, ಮೆತ್ತಗೆ ಹೇಳಿದರು.

“ಇವತ್ತು ನನಗೆ ಕೊನೇ ದಿನ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲಿ ನಿಂತ್ಕೋಬೇಕು ಅಂತ ಗೊತ್ತಾಗ್ತಿಲ್ಲ. ಮನೇಲಿ ಹೆಂಡತಿ ಈಗ್ಲೇ ಹೇಳಿದಾಳೆ, ಅಡುಗೆಮನೆ ಬಾಗಿಲಲ್ಲಿ ಮಾತ್ರ ನಿಂತ್ಕೋಬೇಡಿ ಅಂತ.”

ಸಮಾಧಾನಿಗೆ ಮುದುಕನ ದನಿ ಮರೆತೇ ಹೋಗಿ, “ನಿಮ್ಮಂಥೋರು ಹೋದ್ರೆ ನಮ್ಮಂಥೋರ ಗತಿ ಏನು ಸ್ವಾಮಿ” ಎಂದುಬಿಟ್ಟ.

ಮೆಕ್ಯಾನಿಕ್ ಬಂದು ಬಾಗಿಲು ಬಿಡಿಸಿದಾಗ ನಾಲ್ಕೂ ಐವತ್ತೆರಡು. ಮೊಣಕಾಲ ಮೇಲೆ ತೆವಳಿ ಮೂರನೇ ಮಹಡಿಗೆ ಹತ್ತಿ, ತುಟಿಗೆ ಬೆರಳಿಟ್ಟು ಅವನನ್ನು ಸುಮ್ಮನಾಗಿಸಿ, ಸಮಾಧಾನಿ ಸಭಾಂಗಣಕ್ಕೆ ಓಡಿದ. ಡಿಸ್ಕು ಸಿಕ್ಕಿಸಿದ. ಚೌಕ ಬರಲಿಲ್ಲ. ಸಿನಿಮಾ ತೆರೆಯಿತು.

“ಏನು ಮಾಡಿಸಿದ್ರಿ?” ಎಂದ ಸ್ಟೋರ್‌ಕೀಪರ್.

“ಫಾರ್ಮ್ಯಾಟ್,” ಎಂದ ಸಮಾಧಾನಿ, ಬೇರೆ ದಾರಿಯಿಲ್ಲದೆ.

“ನಾನು ಬೆಳಿಗ್ಗೆ ಬಡ್ಕೊಂಡಿದ್ದೂ ಅದನ್ನೇ ಅಲ್ವೇನ್ರೀ!”

ಸಿನಿಮಾ ಶುರುವಾಯಿತು. ತೆಳ್ಳಗಿದ್ದ ಮ್ಯಾನೇಜರರು ಮೊದಲ ಲಿಫ್ಟಿನ ಮುಂದೆ ನಿಂತ ಫೋಟೋ ಬಂತು. ಆಮೇಲೆ ಒಬ್ಬೊಬ್ಬರ ಮಾತು. “ಸಾಹೇಬ್ರು ಇಲ್ಲದ ಆಫೀಸು ಕಂಬಿ ಇಲ್ಲದ ಲಿಫ್ಟು,” ಎಂದ ಪರದೆಯ ಮೇಲಿನ ಸ್ಟೋರ್‌ಕೀಪರ್, ಎದೆಯ ಮೇಲೆ ಕೈಯಿಟ್ಟು. “ಅವರನ್ನ ಬಿಟ್ಟು ಒಂದು ದಿನ ಹೇಗೆ ಕಳೀತೀವೋ!” ಎಂದು ಅಕೌಂಟೆಂಟ್ ಮೇಡಂ ಮೂಗು, ಕಣ್ಣು ಎರಡೂ ಒರೆಸಿಕೊಂಡರು. ಅದು ನೆಗಡಿ ಎಂದು ಪರದೆಗೆ ಗೊತ್ತಿರಲಿಲ್ಲ. ಅಕ್ಕನ ಮಗಳು ಹಿಂದೆ ಹಾಕಿದ್ದ ಪಿಟೀಲು ಕಲ್ಲನ್ನೂ ಕರಗಿಸುವಂತಿತ್ತು. ಮ್ಯಾನೇಜರರು ಗಡಿಯಾರ ನೋಡುವುದನ್ನು ಮರೆತು ಕೂತಿದ್ದರು. ಮುಂದಿನ ಸಾಲಿನಲ್ಲಿ ಮಾಲೀಕರು ಬಿಕ್ಕುತ್ತಿದ್ದರು.

ದೀಪ ಹತ್ತಿತು. ಮಾಲೀಕರು ಎದ್ದು ನಿಂತು, ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದರು.

“ಹೊಸ ಮ್ಯಾನೇಜರ್ ಯಾರು ಅಂತ ಹೇಳೋಕೆ ಬಂದಿದ್ದೆ. ಇವರು ಕಟ್ಟುನಿಟ್ಟು, ಸಿಬ್ಬಂದಿಗೆ ಇವರನ್ನ ಕಂಡ್ರೆ ಆಗಲ್ಲ ಅಂತ ಯಾರೋ ನನ್ನ ಕಿವಿ ಊದಿದ್ರು. ಎಂಥ ಸುಳ್ಳು! ಇಷ್ಟು ಪ್ರೀತಿ ಮಾಡೋ ಜನರಿಂದ ಇವರನ್ನ ಕಿತ್ಕೊಳ್ಳೋ ಪಾಪ ನನಗೆ ಬೇಡ.” ಕಾಗದವನ್ನು ನಾಲ್ಕು ಚೂರು ಮಾಡಿದರು. “ಇನ್ನೂ ಮೂರು ವರ್ಷ ಇವರೇ ಇರ್ತಾರೆ.”

ಸಭಾಂಗಣದಲ್ಲಿ ಒಂದು ಜೊತೆ ಕೈ ಮಾತ್ರ ಚಪ್ಪಾಳೆ ತಟ್ಟಿತು. ಅದು ತನ್ನದೇ ಕೈ ಎಂದು ಸಮಾಧಾನಿಗೆ ಗೊತ್ತಾಗುವ ಹೊತ್ತಿಗೆ ಎಲ್ಲರೂ ಅವನ ಕಡೆ ತಿರುಗಿದ್ದರು. ಮಾಲೀಕರು ನೋಡುತ್ತಿದ್ದರು. ವಿಧಿಯಿಲ್ಲದೆ ಎಲ್ಲರೂ ತಟ್ಟಿದರು.

“ಅಯ್ಯಾ ಮಹಾರಾಯ,” ಎಂದು ಸ್ಟೋರ್‌ಕೀಪರ್ ಚಪ್ಪಾಳೆಯ ನಡುವೆಯೇ ಹಲ್ಲು ಕಚ್ಚಿ ಹೇಳಿದ, “ಬೆಳಿಗ್ಗೆ ಆ ವಯರ್ ಎಳೆಯದೆ ನನ್ನ ಪಾಡಿಗೆ ಒತ್ತೋಕೆ ಬಿಟ್ಟಿದ್ರೆ ಈಗ ನಾವೆಲ್ಲ ಬದುಕಿರ್ತಿದ್ವಿ.” ಅಕೌಂಟೆಂಟ್ ಮೇಡಂ ಈ ಸಲ ನಿಜವಾಗಿಯೂ ಅಳುತ್ತಿದ್ದರು.

ಎಲ್ಲ ಚದುರಿದ ಮೇಲೆ ಮ್ಯಾನೇಜರರು ಸಮಾಧಾನಿಯ ಬಳಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಇನ್ನೂ ಒದ್ದೆಯಾಗಿತ್ತು.

“ಇದನ್ನೆಲ್ಲ ಮಾಡಿದ್ದು ನೀವೇ ಅಂತೆ. ಲಿಫ್ಟಲ್ಲಿ ಇದ್ದಿದ್ದೂ ನೀವೇ. ಕರವಸ್ತ್ರ ಅಡ್ಡ ಹಿಡಿದ್ರೆ ಹದಿನಾಲ್ಕು ವರ್ಷ ಕೇಳಿದ ದನಿ ಗೊತ್ತಾಗಲ್ವೇ? ಅಲ್ಲಿ ನೀವು ಹೇಳಿದ ಮಾತು ನಾನು ಸಾಯೋವರೆಗೂ ಮರೆಯಲ್ಲ.”

“ಸಾರ್...” ಎಂದ ಸಮಾಧಾನಿ.

ಮ್ಯಾನೇಜರರು ಕಣ್ಣೊರೆಸಿಕೊಂಡು, ಕಂಕುಳಲ್ಲಿದ್ದ ಹಾಜರಿ ಪುಸ್ತಕ ತೆರೆದರು. “ಒಂದು ಗಂಟೆಯಿಂದ ನಾಲ್ಕು ಐವತ್ತೆರಡು. ಅರ್ಧ ದಿನದ ರಜೆ ಅರ್ಜಿ ನಾಳೆ ಬರುವಾಗ್ಲೇ ತಂದ್ಬಿಡಿ. ಒಂಬತ್ತಕ್ಕೆ.”

ಸಮಾಧಾನಿ ಆಗಲಿ ಎಂದು ತಲೆಯಾಡಿಸಿ, ಡಿಸ್ಕನ್ನು ಊಟದ ಚೀಲಕ್ಕೆ ಹಾಕಿದ. ಮಧ್ಯಾಹ್ನದ ಡಬ್ಬಿ ಅದರಲ್ಲಿ ತೆರೆಯದೆ ಹಾಗೆಯೇ ಇತ್ತು. ಮೆಟ್ಟಿಲ ಮೇಲೆ ಕೂತು ತಣ್ಣಗಾದ ಅನ್ನವನ್ನು ಒಬ್ಬನೇ ತಿಂದ. ಇಳಿದು ಹೋಗುತ್ತಿದ್ದ ಸಹೋದ್ಯೋಗಿಗಳಲ್ಲಿ ಒಬ್ಬರೂ ಅವನ ಪಕ್ಕ ನಿಲ್ಲಲಿಲ್ಲ.